ಮರದ ನೆಲವೂ ಮರೆಯ ನೀರೂ

ಈಚೆಗೆ ಒಂದು ಚಳಿಗಾಲವನ್ನು ಅಮೆರಿಕದ ಒಹಾಯೋ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಕಳೆಯುವ ಯೋಗ ಒದಗಿತು. ಹೊರಗೆ ಹಿಮ ಸುರಿಯುತ್ತಿರಲು, ಮಗಳೂ ಅಳಿಯನೂ ತಮ್ಮ ತಮ್ಮ ಉದ್ಯೋಗಗಳಿಗೂ ಮೊಮ್ಮಗನು ಶಾಲೆಗೂ ತೆರಳಿದ ಬಳಿಕ ಮನೆಯನ್ನು ಆವರಿಸುತ್ತಿದ್ದ ದೀರ್ಘ ಮೌನದಲ್ಲಿ ನನಗೆ ಸಂಗಾತಿಯಾಗಿ ಉಳಿಯುತ್ತಿದ್ದುದು ನಡುಮನೆಯ ಗೋಡೆಯ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಂತಿದ್ದ ನಾಲ್ಕಡಿ ಉದ್ದದ ಮೀನಿನ ತೊಟ್ಟಿಯೊಂದೇ. ಅದು ಮೊಮ್ಮಗನ ಆಸ್ತಿ. ಆದರೆ ವಾರಕ್ಕೊಮ್ಮೆ ಅದರ ನೀರಿನಲ್ಲಿ ಐದರಲ್ಲೊಂದು ಪಾಲನ್ನು ಹೊರತೆಗೆದು ಹೊಸ ನೀರು ತುಂಬುವ ಕೈಂಕರ್ಯವನ್ನು, ಮಾಡಲು ಬೇರೆ ಕೆಲಸವಿಲ್ಲದ ನಾನು ಸಂತೋಷದಿಂದಲೇ ವಹಿಸಿಕೊಂಡೆನು.

ಗಾರೆ ನೆಲದ ಮೇಲೆ ಅಂಬೆಗಾಲಿಟ್ಟು ಬೆಳೆದವನಿಗೆ ನೆಲದ ಮೇಲೆ ಚೆಲ್ಲಿದ ನೀರೆಂದರೆ ಒಂದು ಸಂಗತಿಯೇ ಅಲ್ಲ. ಬಕೆಟ್ಟು ತುಳುಕಿ ನಾಲ್ಕು ಹನಿ ಬಿದ್ದರೆ ಕಾಲೊರಸನ್ನು ಪಾದದಿಂದಲೇ ಅತ್ತಿತ್ತ ಎಳೆದು, "ಒಣಗುತ್ತದೆ ಬಿಡು" ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತೊಟ್ಟಿಯ ಮುಂದೆ ರಬ್ಬರ್ ತಳದ ಮ್ಯಾಟೊಂದು ಹಾಸಿಯೂ ಇತ್ತಾದ್ದರಿಂದ ನೆಲದ ರಕ್ಷಣೆಯ ವಿಷಯದಲ್ಲಿ ಮನೆಮಂದಿಯೆಲ್ಲ ನಿಶ್ಚಿಂತರಾಗಿದ್ದೆವು. ಹಿಮ ಕರಗುವ ಕಾಲಕ್ಕೆ ಒಂದು ದಿನ ಮನೆ ಗುಡಿಸುವ ನೆಪದಲ್ಲಿ ಆ ಮ್ಯಾಟನ್ನು ಎತ್ತಿದಾಗ, ಜೇನಿನ ಬಣ್ಣದ ಓಕ್ ಹಲಗೆಗಳ ನಡುವೆ, ಸ್ಟ್ಯಾಂಡಿನ ಕಾಲಿನ ಸುತ್ತ, ಮಸಿ ಚೆಲ್ಲಿದಂತೆ ಕಪ್ಪನೆಯ ಕಲೆಯೊಂದು ಅಂಗೈಯಗಲ ಹರಡಿತ್ತು. ಅದರ ಸುತ್ತಲಿನ ಐದಾರು ಹಲಗೆಗಳು ನಡು ತಗ್ಗಿ ಅಂಚೆದ್ದು, ಬೆರಳಾಡಿಸಿದರೆ ಅಲೆಅಲೆಯಾಗಿ ತಾಕುತ್ತಿದ್ದವು. ಮಗಳು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು, ಆಕೆಯ ಮೌನವೇ ನನ್ನನ್ನು ಮರದ ನೆಲದ ಶಾಸ್ತ್ರವನ್ನು ಕಲಿಯುವಂತೆ ಮಾಡಿತು.

ನಮ್ಮ ನಾಡಿನಲ್ಲಿ ನೆಲವೆಂಬುದು ಬಹುಮಟ್ಟಿಗೆ ಮಣ್ಣಿನದು, ಕಲ್ಲಿನದು, ಗಾರೆಯದು. ನೀರು ಹಾಕಿ ತೊಳೆಯುವುದೇ ಇಲ್ಲಿ ಶುಚಿಯ ಲಕ್ಷಣ. ಹಬ್ಬದ ಹಿಂದಿನ ದಿನ ಹಜಾರಕ್ಕೆ ಕೊಡಗಟ್ಟಲೆ ನೀರು ಸುರಿದು ಬಾಗಿಲಾಚೆ ತಳ್ಳುವುದನ್ನು ಕಾಣದವರು ವಿರಳ. ಕಲ್ಲಿನ ಚಪ್ಪಡಿಯ ವಿಷಯದಲ್ಲಿ "ಒಣಗುತ್ತದೆ ಬಿಡು" ಎಂಬ ಮಾತು ಅಕ್ಷರಶಃ ಸತ್ಯ. ಆದರೆ ಅಮೆರಿಕದಂಥ ಶೀತದೇಶಗಳಲ್ಲಿ, ಪಾದಕ್ಕೆ ಬೆಚ್ಚಗಿರುವುದೆಂಬ ಕಾರಣದಿಂದಲೂ ಕಾಡುಮರ ಯಥೇಚ್ಛವಾಗಿ ದೊರೆಯುತ್ತಿದ್ದ ಕಾರಣದಿಂದಲೂ, ಸುಮಾರು 19 ಮಿಲಿಮೀಟರ್ ದಪ್ಪದ, 57 ಮಿಲಿಮೀಟರ್ ಅಗಲದ ಓಕ್ ಪಟ್ಟಿಗಳನ್ನು ಒಂದರ ತೋಡಿಗೆ ಇನ್ನೊಂದರ ನಾಲಿಗೆಯನ್ನು ಸಿಕ್ಕಿಸಿ ಮೊಳೆ ಹೊಡೆದು ನೆಲ ಹಾಸುವ ಸಂಪ್ರದಾಯ ಬೆಳೆದುಬಂದಿದೆ. ಅದರ ಕೆಳಗೆ ಪ್ಲೈವುಡ್ಡಿನ ಹಾಸು, ಅದಕ್ಕೂ ಕೆಳಗೆ ಮರದ ತೊಲೆಗಳು, ಅವುಗಳ ಕೆಳಗೆ ಅನೇಕ ಮನೆಗಳಲ್ಲಿ ನೆಲಮಾಳಿಗೆ. ಕಲ್ಲಿನ ನೆಲಕ್ಕೆ ಒಂದೇ ಮುಖ. ಮರದ ನೆಲಕ್ಕಾದರೋ ಎರಡು ಮುಖಗಳುಂಟು, ಮತ್ತು ನಾವು ನೋಡುವುದು ಒಂದನ್ನು ಮಾತ್ರ.

ಮರವು ಕಡಿದ ಮೇಲೂ ಉಸಿರಾಡುತ್ತದೆಂದು ಬಡಗಿಗಳು ಹೇಳುವುದು ಕವಿಸಮಯವಲ್ಲ. ಅದರ ಕೋಶಗಳ ಭಿತ್ತಿಗಳು ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಸುತ್ತಲ ಹವೆಯೊಡನೆ ಸಮತೂಕವನ್ನು ಅರಸುತ್ತಲೇ ಇರುತ್ತವೆ. ನಮ್ಮಲ್ಲಿ ಹೊನ್ನೆಮರದ ಲೋಟದಲ್ಲಿ ರಾತ್ರಿ ತುಂಬಿಟ್ಟ ನೀರು ಬೆಳಗಾಗುವಷ್ಟರಲ್ಲಿ ಕಂದುಬಣ್ಣ ತಾಳಿರುವುದನ್ನು ಕಂಡವರಿಗೆ, ಮರಕ್ಕೂ ನೀರಿಗೂ ಇರುವ ಈ ಕೊಡುಕೊಳ್ಳುವಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯೊಳಗಿನ ನೆಲದ ಹಲಗೆಯಲ್ಲಿ ಸಾಮಾನ್ಯವಾಗಿ ಒಣಮರದ ತೂಕದ ನೂರಕ್ಕೆ 6ರಿಂದ 9ರಷ್ಟು ತೇವವಿರುತ್ತದೆ. ತೇವವು ಸುಮಾರು 30ರ ಮಟ್ಟವನ್ನು ಮುಟ್ಟುವವರೆಗೂ, ಹೀರಿದ ಪ್ರತಿಯೊಂದು ಅಂಶಕ್ಕೂ ಮರವು ಉಬ್ಬುತ್ತ ಹೋಗುತ್ತದೆ. ಆ ಉಬ್ಬಾದರೂ ಎಲ್ಲ ದಿಕ್ಕಿಗೂ ಸಮವಲ್ಲ: ಉದ್ದಕ್ಕೆ ಇಲ್ಲವೆನ್ನುವಷ್ಟು ಅಲ್ಪ, ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ, ವಾರ್ಷಿಕ ವಲಯಗಳ ಗುಂಟ ಅದಕ್ಕೆ ಹೆಚ್ಚುಕಡಿಮೆ ಇಮ್ಮಡಿ.

ಇದರ ಪರಿಣಾಮವನ್ನು ಲೆಕ್ಕದಲ್ಲಿ ನೋಡೋಣ. 57 ಮಿಲಿಮೀಟರ್ ಅಗಲದ ಕೆಂಪು ಓಕ್ ಹಲಗೆಯೊಂದರ ತೇವ ನೂರಕ್ಕೆ 8ರಿಂದ 12ಕ್ಕೆ ಏರಿದರೆ, ಸಾಧಾರಣ ಸೀಳಿನ ಹಲಗೆ ಸುಮಾರು 0.8 ಮಿಲಿಮೀಟರ್ ಅಗಲವಾಗುತ್ತದೆ. ಒಂದು ಹಲಗೆಯಲ್ಲಿ ಇದು ಕಣ್ಣಿಗೆ ಕಾಣದು. ಆದರೆ ಪಕ್ಕಪಕ್ಕದ 20 ಹಲಗೆಗಳು ಹೀಗೆ ಹಿಗ್ಗಿದರೆ ಅವುಗಳಿಗೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬೇಕು, ಆ ಜಾಗ ಅಲ್ಲಿಲ್ಲ. ಬಂಡೆಯ ಬಿರುಕಿನಲ್ಲಿ ಒಣಮರದ ಬೆಣೆ ಬಡಿದು ನೀರು ಹನಿಸಿ ಕಲ್ಲು ಸೀಳುತ್ತಿದ್ದ ಹಳಬರು ಬಳಸಿಕೊಂಡ ಬಲವೇ ಇಲ್ಲಿ ನೆಲದೊಳಗೆ ಬಂದಿಯಾಗುತ್ತದೆ. ಅದಲ್ಲದೆ, ಹಲಗೆಯ ಮೇಲ್ಮೈಗೆ ಪಾಲಿಯುರಿಥೇನ್ ಲೇಪನದ ಕವಚವುಂಟು, ಅಡಿಭಾಗಕ್ಕೆ ಯಾವ ಕವಚವೂ ಇಲ್ಲ. ಸಂದಿನಲ್ಲಿ ಇಳಿದ ನೀರು ಅಡಿಯಲ್ಲಿ ಹರಡಿ, ಅಡಿಮುಖ ಹಿಗ್ಗಿ, ಮೇಲ್ಮುಖ ಇದ್ದಂತೆಯೇ ಇದ್ದಾಗ ಹಲಗೆಯು ದೋಣಿಯಂತೆ ನಡು ತಗ್ಗಿ ಅಂಚೇಳುವುದಲ್ಲದೆ ಬೇರೆ ಗತಿಯಿಲ್ಲ. ನಾನು ಮೇಲೊರಸಿ ತೃಪ್ತನಾಗುತ್ತಿದ್ದೆ. ನೀರು ಅಷ್ಟರಲ್ಲಿ ಇಳಿದಿರುತ್ತಿತ್ತು. ಚಳಿಗಾಲದಲ್ಲಂತೂ ಮನೆ ಕಾಯಿಸುವ ಯಂತ್ರದ ಬಿಸಿಗಾಳಿಗೆ ಹಲಗೆಗಳು ಒಣಗಿ ಕುಗ್ಗಿ ಅವುಗಳ ನಡುವಣ ಸಂದುಗಳು ಬಾಯಿ ತೆರೆದಿರುವುದರಿಂದ, ಬಿದ್ದ ನೀರಿಗೆ ದಾರಿ ಇನ್ನೂ ಸಲೀಸು.

ಕಪ್ಪುಕಲೆಯ ಮರ್ಮವಾದರೋ ನಮ್ಮವರಿಗೆ ಹಳೆಯ ಪರಿಚಯದ್ದೇ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿದರೆ ಕಪ್ಪು ಮಸಿ ಸಿದ್ಧವಾಗುತ್ತದೆ. ಅಳಲೆಯ ಒಗರಾದ ಟ್ಯಾನಿನ್ ಕಬ್ಬಿಣದ ಲವಣದೊಡನೆ ಕೂಡಿದಾಗ ಹುಟ್ಟುವ ಕಪ್ಪು ಅದು. ಓಕ್ ಮರದ ತುಂಬ ಟ್ಯಾನಿನ್. ತೊಟ್ಟಿಯ ಸ್ಟ್ಯಾಂಡಿನ ಕಾಲು ಕಬ್ಬಿಣ. ನಡುವೆ ಒಣಗಲು ಅವಕಾಶವಿಲ್ಲದ ನೀರು. ಮೂರು ತಿಂಗಳ ಕಾಲ ನಾನು ಆ ಮ್ಯಾಟಿನ ಕೆಳಗೆ ಅರಿಯದೆಯೇ ಮಸಿ ಕಾಯಿಸುತ್ತಿದ್ದೆನೆಂದಾಯಿತು. ಓಕ್‌ನಲ್ಲಿಯೂ ಎರಡು ಕುಲಗಳುಂಟು: ಬಿಳಿಯ ಓಕಿನ ರಂಧ್ರನಾಳಗಳು ಸ್ವಾಭಾವಿಕವಾಗಿ ಮುಚ್ಚಿಕೊಂಡಿರುವುದರಿಂದಲೇ ಅದರಿಂದ ಮದ್ಯದ ಪೀಪಾಯಿಗಳನ್ನು ಮಾಡುತ್ತಾರೆ, ಕೆಂಪು ಓಕಿನ ನಾಳಗಳಾದರೋ ಎಷ್ಟು ಬಯಲಾಗಿರುತ್ತವೆಂದರೆ, ಚಿಕ್ಕ ತುಂಡೊಂದರ ಒಂದು ತುದಿಗೆ ಬಾಯಿಟ್ಟು ಊದಿದರೆ ನೀರಿನಲ್ಲಿ ಮುಳುಗಿಸಿದ ಇನ್ನೊಂದು ತುದಿಯಿಂದ ಗುಳ್ಳೆಗಳು ಏಳುತ್ತವೆ. ಮಗಳ ಮನೆಯದು ಕೆಂಪು ಓಕ್.

ಇನ್ನು ತೊಟ್ಟಿಯ ನೀರು ಹೊರಬರುವ ದಾರಿಗಳನ್ನು ವಿಚಾರಿಸೋಣ. ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ನೋಡುವ ಹವ್ಯಾಸ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಹಬ್ಬಿದ್ದು. ಲಂಡನ್ನಿನ ಮೃಗಾಲಯ 1853ರಲ್ಲಿ ಮತ್ಸ್ಯಗೃಹವೊಂದನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ತನ್ನ ಗ್ರಂಥದ ಮೂಲಕ 'ಅಕ್ವೇರಿಯಂ' ಎಂಬ ಹೆಸರನ್ನು ಮನೆಮಾತಾಗಿಸಿದನು. ಅಂದಿನ ತೊಟ್ಟಿಗಳಿಗೆ ಲೋಹದ ಚೌಕಟ್ಟು, ಸಂದಿಗೆ ಗಟ್ಟಿಯಾಗಿ ಬಿರಿಯುವ ಪುಟ್ಟಿ. ಇಂದು ಗಾಜಿಗೆ ಗಾಜನ್ನು ಬೆಸೆಯುವ ಸಿಲಿಕೋನ್ ಬಳಕೆಯಾಗುತ್ತಿರುವುದರಿಂದ ತೊಟ್ಟಿಯೇ ಸೋರುವ ಪ್ರಸಂಗ ಬಹಳ ಕಡಿಮೆ. ಆದರೂ ಜನ ಹೆದರುವುದು ತೊಟ್ಟಿ ಒಡೆದೀತೆಂಬ ಮಹಾಪ್ರಳಯಕ್ಕೆ. ಅಂಥ ಪ್ರಳಯವಾದರೆ ಮನೆಮಂದಿಯೆಲ್ಲ ಟವೆಲು ಹಿಡಿದು ಓಡಿಬರುತ್ತಾರೆ, ನೆಲ ಒಂದು ಗಂಟೆಯೊಳಗೆ ಒರಸಲ್ಪಡುತ್ತದೆ. ಯಾರೂ ಓಡಿಬಾರದ ಹನಿಯೇ ನಿಜವಾದ ಅಪಾಯ.

ಹನಿಗಳ ಮೊದಲ ಮೂಲ ನಮ್ಮ ಕೈಯೇ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿಯಲ್ಲಿ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಅದರ ಐದರಲ್ಲೊಂದು ಭಾಗವೆಂದರೆ 50 ಲೀಟರ್, ಹೋಗುವಾಗ ಐದು ಬಕೆಟ್ಟು, ಬರುವಾಗ ಐದು ಬಕೆಟ್ಟು. ಇನ್ನು ತೊಟ್ಟಿಯೊಳಗೆ ಮುಳುಗಿಸಿ ತೆಗೆದ ಕೈಯ ಮೊಣಕೈಯಿಂದ ತೊಟ್ಟಿಕ್ಕುವ ನೀರು, ಬಲೆಯಿಂದ ಜಿನುಗುವ ನೀರು, ಶುಚಿಮಾಡಲು ಹೊರತೆಗೆದ ಫಿಲ್ಟರಿನ ಸ್ಪಂಜು, ಮುಚ್ಚಳವಿಲ್ಲದ ಬಾಯಿಂದ ಗುಳ್ಳೆಗಳು ಒಡೆದು ಸಿಡಿಯುವ ತುಂತುರು. ಸಮುದ್ರದ ಮೀನುಗಳನ್ನು ಸಾಕುವವರ ತೊಟ್ಟಿಯಲ್ಲಿ ಆ ತುಂತುರು ಒಣಗಿ ಉಪ್ಪಿನ ಹರಳಾಗಿ, ಹರಳು ತೇವವನ್ನು ಎಳೆದುಕೊಂಡು ಮುಂದುಮುಂದಕ್ಕೆ ಬೆಳೆದು, ಗಾಜಿನ ಹೊರಮೈಯ ಮೇಲೆ ನೆಲದತ್ತ ಇಳಿಯುವುದೂ ಉಂಟು.

ಎರಡನೆಯ ಮೂಲ ಹಿಮ್ಮೊಗವಾಗಿ ಹರಿಯುವ ನೀರು. ಗಾಳಿ ಊದುವ ಪುಟ್ಟ ಪಂಪನ್ನು ನೆಲದ ಮೇಲೋ ಸ್ಟ್ಯಾಂಡಿನ ಕೆಳಹಲಗೆಯ ಮೇಲೋ ಇಡುವುದು ವಾಡಿಕೆ. ವಿದ್ಯುತ್ತು ಇರುವವರೆಗೂ ಗಾಳಿ ನೀರನ್ನು ತಳ್ಳುತ್ತಿರುತ್ತದೆ. ವಿದ್ಯುತ್ತು ನಿಂತ ಕ್ಷಣದಲ್ಲಿ ನೀರು ಆ ಕೊಳವೆಯೊಳಕ್ಕೆ ನುಗ್ಗಿ, ಒಮ್ಮೆ ಅಂಚು ದಾಟಿತೆಂದರೆ ಸೈಫನ್ನಿನ ನಿಯಮದಂತೆ ತಾನಾಗಿಯೇ ಕೆಳಗಿಳಿಯತೊಡಗುತ್ತದೆ. ಮೇಲೆ ಹೇಳಿದ ಅಳತೆಯ ತೊಟ್ಟಿಯಲ್ಲಿ ಪ್ರತಿ ಒಂದು ಸೆಂಟಿಮೀಟರ್ ಎತ್ತರದ ನೀರೆಂದರೆ ಸುಮಾರು ಐದೂವರೆ ಲೀಟರ್. ಒಂದು ಲೀಟರ್ ನೀರು ಒಂದು ಮಿಲಿಮೀಟರ್ ದಪ್ಪಕ್ಕೆ ಹರಡಿದರೆ ಒಂದು ಚದರ ಮೀಟರ್ ನೆಲವನ್ನು ತುಂಬುತ್ತದೆ. ಎರಡು ಸೆಂಟಿಮೀಟರ್ ಇಳಿದರೆ ನಡುಮನೆಯೇ ಕೆರೆ. ಇದಕ್ಕೆ ಪರಿಹಾರ ಮಾತ್ರ ಬಲು ಅಗ್ಗ: ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕುವುದು, ಇಲ್ಲವೆ ಕೊಳವೆಯ ನಡುವೆ ನೀರನ್ನು ಹಿಂದಕ್ಕೆ ಬಿಡದ ನಾನ್-ರಿಟರ್ನ್ ವಾಲ್ವೊಂದನ್ನು ಸೇರಿಸುವುದು. ಕರೆಂಟು ಹೋಗಿ ಬರುವುದು ದಿನಚರಿಯೇ ಆಗಿರುವ ನಮ್ಮ ಊರುಗಳಲ್ಲಿ ಮೀನು ಸಾಕುವವರಿಗೆ ಇದು ಇನ್ನೂ ಅಗತ್ಯ. ತೊಟ್ಟಿಯ ಹೊರಗೆ, ಕೆಳಗಿನ ಡಬ್ಬಿಯಲ್ಲಿ ನೀರು ಶೋಧಿಸುವ ಫಿಲ್ಟರುಗಳಾದರೆ ಅವುಗಳ ಕೊಳವೆಯ ಬಿಗಿತವನ್ನೂ ರಬ್ಬರ್ ಬಳೆಗಳ ಮೃದುತ್ವವನ್ನೂ ಆಗಾಗ ಪರೀಕ್ಷಿಸತಕ್ಕದ್ದು.

ಈಗ ಮ್ಯಾಟಿನ ವಿಷಯಕ್ಕೆ ಬರೋಣ. ನೆಲವನ್ನು ರಕ್ಷಿಸಲೆಂದು ಹಾಸಿದ ವಸ್ತುವೇ ನೆಲದ ಶತ್ರುವಾದ ಬಗೆ ವಿಚಾರಯೋಗ್ಯವಾದದ್ದು. ರಬ್ಬರ್ ತಳದ ಮ್ಯಾಟು ಮೇಲಿನಿಂದ ಬಿದ್ದ ಹತ್ತು ಹನಿಗಳಲ್ಲಿ ಒಂಬತ್ತನ್ನು ತಡೆಯುತ್ತದೆ, ನಿಜ. ಆದರೆ ಅಂಚಿನಿಂದ ನುಸುಳಿದ ಹತ್ತನೆಯ ಹನಿಯನ್ನು ಅದು ಆರಲು ಬಿಡುವುದಿಲ್ಲ. ಅಷ್ಟೇ ಅಲ್ಲ, ನಮ್ಮ ದೃಷ್ಟಿಯಿಂದಲೂ ಮರೆಮಾಡುತ್ತದೆ. ಬಯಲಾಗಿ ಬಿದ್ದ ನೀರು ತಾನಾಗಿ ಒಣಗದಿದ್ದರೂ ಯಾರ ಕಣ್ಣಿಗಾದರೂ ಬಿದ್ದು ಒರಸಲ್ಪಡುತ್ತದೆ. ಮುಚ್ಚಿಟ್ಟ ನೀರಿಗೆ ಆ ಭಾಗ್ಯವಿಲ್ಲ. ರಬ್ಬರೂ ಕೆಲವು ಬಗೆಯ ಪ್ಲಾಸ್ಟಿಕ್ಕೂ ನೆಲದ ಲೇಪನದೊಡನೆ ರಾಸಾಯನಿಕವಾಗಿ ಬೆರೆತು ಹಳದಿ ಗುರುತು ಬಿಡುವುದೂ ಉಂಟು. ಆದಕಾರಣ ಈ ಶಾಸ್ತ್ರದ ಸೂತ್ರವನ್ನು ಒಂದೇ ಮಾತಿನಲ್ಲಿ ಹೇಳಬಹುದು: ನೀರನ್ನು ಮುಚ್ಚಬೇಡಿ, ಕಾಣುವಂತೆ ಮಾಡಿ.

ಈ ಸೂತ್ರವನ್ನು ಆಚರಣೆಗೆ ತರುವ ಬಗೆ ಹೀಗೆ. ತೊಟ್ಟಿಯ ಸ್ಟ್ಯಾಂಡಿಗಿಂತ ಸುತ್ತಲೂ ನಾಲ್ಕು ಬೆರಳು ದೊಡ್ಡದಾದ, ಎರಡು ಬೆರಳು ಎತ್ತರದ ಅಂಚುಳ್ಳ ಪ್ಲಾಸ್ಟಿಕ್ ಅಥವಾ ತುಕ್ಕುಹಿಡಿಯದ ಉಕ್ಕಿನ ತಟ್ಟೆಯೊಂದನ್ನು ಮೊದಲೇ ನೆಲದ ಮೇಲಿಟ್ಟು ಅದರೊಳಗೆ ಸ್ಟ್ಯಾಂಡನ್ನು ನಿಲ್ಲಿಸತಕ್ಕದ್ದು. ಒಂದು ಚದರ ಮೀಟರಿನ ಅಂಥ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ಎತ್ತರಕ್ಕೇ 10 ಲೀಟರ್ ನೀರು ನಿಲ್ಲುತ್ತದೆ, ನಿಂತದ್ದು ಕಣ್ಣಿಗೂ ಕಾಣುತ್ತದೆ. ತಟ್ಟೆಯ ತಗ್ಗಿನಲ್ಲಿ ಬ್ಯಾಟರಿಯ ಪುಟ್ಟ ನೀರುಗಂಟೆಯೊಂದನ್ನಿಟ್ಟರೆ ಮತ್ತೂ ಲೇಸು. ಎರಡು ಲೋಹದ ಮೊನೆಗಳ ನಡುವೆ ನೀರು ಸೇತುವೆಯಾದೊಡನೆಯೇ ಅದು ಕೂಗುತ್ತದೆ, ಮಧ್ಯರಾತ್ರಿಯ ಹನಿಗೂ ಬಾಯಿ ಬರುತ್ತದೆ. ತಟ್ಟೆಯ ಹೊರಗೆ ಹಾಸುವುದಾದರೆ ಸುಲಭವಾಗಿ ಎತ್ತಬಹುದಾದ ಹತ್ತಿಯ ದಪ್ಪ ಟವೆಲನ್ನು ಕೆಲಸದ ಹೊತ್ತಿಗಷ್ಟೇ ಹಾಸಿ, ಮುಗಿದೊಡನೆ ಎತ್ತಿ ಒಣಹಾಕಬೇಕು. ವಿದ್ಯುತ್ತಿನ ತಂತಿಗಳನ್ನು ಪ್ಲಗ್ಗಿನ ಮಟ್ಟಕ್ಕಿಂತ ಕೆಳಗೆ ತೊಟ್ಟಿಲ ಹಗ್ಗದಂತೆ ಜೋಲುಬಿಡಬೇಕು. ತಂತಿಯ ಗುಂಟ ಇಳಿದ ನೀರು ಆ ಜೋಲಿನ ತಳದಿಂದ ತಟ್ಟೆಗೆ ಬೀಳುವುದೇ ಹೊರತು ಪ್ಲಗ್ಗನ್ನು ಮುಟ್ಟುವುದಿಲ್ಲ. ಇಲ್ಲಿ ಉಳಿಯುವುದು ನೆಲವಷ್ಟೇ ಅಲ್ಲ, ಪ್ರಾಣ.

ತೊಟ್ಟಿಯ ಸ್ಥಾನವೂ ವಿವೇಚನೆಗೆ ಅರ್ಹವಾದದ್ದು. ನೀರು, ಗಾಜು, ಮರಳು, ಸ್ಟ್ಯಾಂಡು ಎಲ್ಲ ಸೇರಿ ಮುನ್ನೂರು ಕಿಲೋಗ್ರಾಮಿಗೂ ಮಿಕ್ಕ ಭಾರ ಆರು ಚದರ ಅಡಿಯಲ್ಲಿ ಕೂರುತ್ತದೆ. ಆ ದೇಶದ ವಾಸದ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಅಡಿಗೆ 40 ಪೌಂಡು, ಎಂದರೆ ಸುಮಾರು 18 ಕಿಲೋಗ್ರಾಮಿನ ಭಾರವನ್ನು ಲೆಕ್ಕಹಿಡಿದು ಕಟ್ಟುತ್ತಾರೆ. ಈ ಲೆಕ್ಕ ಇಡೀ ಕೋಣೆಗೆ ಅನ್ವಯಿಸುವುದರಿಂದ ಒಂದು ತೊಟ್ಟಿಗೆ ನೆಲ ಕುಸಿಯದು. ಆದರೂ ಹೊರಗೋಡೆಯ ಪಕ್ಕದಲ್ಲಿ, ತೊಲೆಗಳಿಗೆ ಅಡ್ಡಲಾಗಿ, ಭಾರವು ಮೂರು ನಾಲ್ಕು ತೊಲೆಗಳ ಮೇಲೆ ಹಂಚಿಹೋಗುವಂತೆ ಇರಿಸುವುದು ಜಾಣತನ. ತೊಲೆ ಬಗ್ಗಿದರೆ ತೊಟ್ಟಿ ಓರೆಯಾಗುತ್ತದೆ, ಓರೆಯಾದ ತೊಟ್ಟಿಯ ಬೆಸುಗೆ ದಣಿಯುತ್ತದೆ. ಬಚ್ಚಲಿಗೋ ಅಡುಗೆಮನೆಯ ನಲ್ಲಿಗೋ ಸಮೀಪವಾದ ಸ್ಥಳವಾದರೆ ಬಕೆಟ್ಟಿನ ಪ್ರಯಾಣವೂ ಕಿರಿದು. ಉದ್ದ ಕೊಳವೆಯಿಂದ ನೇರವಾಗಿ ಮೋರಿಗೆ ಬಿಡುವಂತಾದರೆ ಬಕೆಟ್ಟೇ ಬೇಡ. ಬಕೆಟ್ಟು ಅನಿವಾರ್ಯವಾದರೆ ಮುಕ್ಕಾಲಿಗಿಂತ ಕಡಿಮೆ ತುಂಬಿ. ಬೇಗ ಮುಗಿಸುವ ಆಸೆಯಿಂದ ಕಂಠಮಟ್ಟ ತುಂಬಿದವರು ನೆಲ ಒರಸುವುದರಲ್ಲಿ ಆ ಸಮಯವನ್ನು ಮರಳಿ ತೆರುತ್ತಾರೆ.

ಎಷ್ಟು ಎಚ್ಚರವಿದ್ದರೂ ಒಂದು ದಿನ ನೀರು ಚೆಲ್ಲುವುದು ಖಂಡಿತ. ಆಗ ಮೊದಲ ಕೆಲಸ, ಒದ್ದೆ ನೆಲದ ಮೇಲೆ ಕಾಲಿಡುವುದಕ್ಕೆ ಮುನ್ನವೇ ವಿದ್ಯುತ್ತನ್ನು ಮೇನಿನಲ್ಲಿ ಆರಿಸುವುದು. ಎರಡನೆಯದು, ನೀರಿನ ಮೂಲವನ್ನು ತಡೆಯುವುದು. ಮೂರನೆಯದು, ಒಣ ಟವೆಲನ್ನು ಅಂಚಿನಿಂದ ನಡುವಿಗೆ ಒತ್ತಿ ಒತ್ತಿ ಹೀರಿಸುವುದು. ಒರೆಸಿ ಎಳೆದರೆ ನೀರು ಹೊಸ ಸಂದುಗಳನ್ನು ಹುಡುಕುತ್ತದೆ. ನೀರು ಹೀರುವ ವ್ಯಾಕ್ಯೂಮ್ ಯಂತ್ರವಿದ್ದರೆ ಅದರ ಬಾಯನ್ನು ಸಂದಿನ ಗುಂಟ ಮೆಲ್ಲಗೆ ಸಾಗಿಸಬೇಕು. ಬಳಿಕ ಫ್ಯಾನಿನ ಗಾಳಿ ಸಾಕು; ಹೀಟರಿನ ಉರಿಬಿಸಿಯನ್ನು ಹಾಯಿಸಿದರೆ ಮೇಲ್ಮೈ ಮಾತ್ರ ಅವಸರದಿಂದ ಒಣಗಿ ಹಲಗೆ ಬಿರಿಯುತ್ತದೆ. ಮರದ ತೇವ ನೂರಕ್ಕೆ 20ಕ್ಕಿಂತ ಕೆಳಗಿರುವವರೆಗೆ ಕೊಳೆಸುವ ಶಿಲೀಂಧ್ರಕ್ಕೆ ಬಾಳಿಲ್ಲವಾದ್ದರಿಂದ, ಮೊನಚಿನ ತೇವಮಾಪಕದಿಂದ ಒಣಗಿದ ಭಾಗವನ್ನೂ ನೆನೆದ ಭಾಗವನ್ನೂ ಹೋಲಿಸಿ ನೋಡುತ್ತಿರುವುದು ಒಳ್ಳೆಯದು.

ಆಮೇಲೆ ಬೇಕಾದದ್ದು ತಾಳ್ಮೆ. ಲೇಪನದಲ್ಲಿ ಮೂಡಿದ ಬಿಳಿಯ ಮಬ್ಬು ಬಹುಪಾಲು ತಾನಾಗಿಯೇ ಮಾಯುತ್ತದೆ. ಅಂಚೆದ್ದ ಹಲಗೆಗಳು ಅಡಿಭಾಗದ ತೇವ ಆರಿದಂತೆಲ್ಲ, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಎಷ್ಟೋ ಮಟ್ಟಿಗೆ ಸಮನಾಗುತ್ತವೆ. ಅಷ್ಟರಲ್ಲೇ ಆತುರಪಟ್ಟು ಎದ್ದ ಅಂಚುಗಳನ್ನು ಉಜ್ಜಿ ಮಟ್ಟಮಾಡಿಸಿದವರ ನೆಲ, ಪೂರ್ತಿ ಒಣಗಿದ ಮೇಲೆ ಆಮೆಯ ಬೆನ್ನಿನಂತೆ ನಡುವುಬ್ಬಿ ನಿಲ್ಲುತ್ತದೆ. ಏಕೆಂದರೆ ಉಜ್ಜಿಹೋದ ಅಂಚು ಮರಳಿ ಬರುವುದಿಲ್ಲ. ಕಪ್ಪು ಕಲೆಯಾದರೆ ಲೇಪನವನ್ನು ತೆಗೆದು ಆಕ್ಸಾಲಿಕ್ ಆಮ್ಲದಿಂದ ತಿಳಿಮಾಡುವ ಉಪಾಯವುಂಟು. ಅದು ವಿಷವಸ್ತುವಾದ್ದರಿಂದ ಕೈಗವಸು ತೊಟ್ಟು, ಮಕ್ಕಳಿಂದಲೂ ಮೀನಿನ ತೊಟ್ಟಿಯಿಂದಲೂ ದೂರವಿಟ್ಟು ಮಾಡುವ ಕೆಲಸ.

ಇದೆಲ್ಲ ಪರದೇಶದ ಮಾತೆಂದು ನಮ್ಮವರು ಭಾವಿಸಬೇಕಾಗಿಲ್ಲ. ಮಲೆನಾಡಿನ ಹಳೆಯ ಮನೆಗಳ ಉಪ್ಪರಿಗೆಗೆ ಹಲಗೆಯ ನೆಲವೇ; ನೀರಿನ ಹಂಡೆಗೆ ಮಾತ್ರ ಕೆಳಗಿನ ಬಚ್ಚಲ ಕಲ್ಲುಚಪ್ಪಡಿಯೇ ಸ್ಥಾನ. ಇಂದು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಮಲಗುವ ಕೋಣೆಗಳಲ್ಲಿ 'ವುಡನ್ ಫ್ಲೋರಿಂಗ್' ಎಂಬ ಹೆಸರಿನಿಂದ ಹಾಸುವುದು ಅನೇಕ ವೇಳೆ ಮರವೇ ಅಲ್ಲ. ಮರದ ಹೊಟ್ಟಿನಂಥ ನಾರನ್ನು ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಚಿತ್ರವನ್ನಂಟಿಸಿದ ಲ್ಯಾಮಿನೇಟು. ನಿಜವಾದ ಮರಕ್ಕೆ ಉಬ್ಬಿದ ಮೇಲೆ ಕುಗ್ಗುವ ಗುಣವಾದರೂ ಉಂಟು. ಒತ್ತಿದ ನಾರು ನೆನೆದು ಅಂಚುಬ್ಬಿತೆಂದರೆ ಮತ್ತೆ ತಗ್ಗುವುದಿಲ್ಲ, ಆ ಹಲಗೆಯನ್ನೇ ಬದಲಿಸಬೇಕು. ಅಂಥ ಕೋಣೆಯಲ್ಲಿ ತೊಟ್ಟಿಯಿಡುವವರು ತಟ್ಟೆಯನ್ನು ಮೊದಲು ಕೊಂಡು ಮೀನನ್ನು ಆಮೇಲೆ ಕೊಳ್ಳುವುದು ಲೇಸು.

ಮಗಳ ಮನೆಯ ಅಲೆಗಳು ನಾನು ಹೊರಡುವಷ್ಟರಲ್ಲಿ ಬಹಳಷ್ಟು ತಗ್ಗಿದ್ದವು. ಕಪ್ಪು ಕಲೆ ಉಳಿಯಿತು. ಅದನ್ನು ತೆಗೆಸುವೆನೆಂದು ಅಳಿಯ ಹೇಳಿದರೂ ಮಗಳು ಒಪ್ಪಲಿಲ್ಲ. ತೊಟ್ಟಿಯನ್ನು ಅಂಚುಳ್ಳ ತಟ್ಟೆಯೊಳಗೆ ಕೂರಿಸಿ, ಮ್ಯಾಟನ್ನು ಹೊರಹಾಕಿದ್ದಾಯಿತು. ಭಾನುವಾರ ನೀರು ಬದಲಾಯಿಸಿದ ಮೇಲೆ ಮೊಮ್ಮಗನಿಗೊಂದು ಹೊಸ ಕೆಲಸ: ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದು, ತಲೆಯೆತ್ತಿ, ತೊಟ್ಟಿಯ ಕೆಳಗೆ ಬರುವ ಪ್ಲೈವುಡ್ಡನ್ನೂ ತೊಲೆಗಳನ್ನೂ ಬೆಳಕಿನಿಂದ ಸವರಿ ನೋಡುವುದು. ನಾನು ಊರಿಗೆ ಮರಳಿದ ಮೇಲೂ ವಾರಕ್ಕೊಮ್ಮೆ ಫೋನಿನಲ್ಲಿ ಮೀನುಗಳ ಕ್ಷೇಮಸಮಾಚಾರ ಹೇಳಿ ಮುಗಿಸುವಾಗ ಅವನು, ನಾನು ಕೇಳುವುದಕ್ಕೆ ಮುಂಚೆಯೇ, "ಕೆಳಗೂ ನೋಡಿದೆ ತಾತ, ಒಣಗಿಯೇ ಇದೆ" ಎನ್ನುತ್ತಾನೆ.